ಹನ್ನೆರಡು ವಿಮಾನ, ಒಂದು ಸೇವಂತಿಗೆ

ಯಶೋದಾ ಸೇವಂತಿಗೆ ಮುಡಿಯುವುದನ್ನು ಬಿಟ್ಟು ಎರಡು ವರ್ಷವಾಗುತ್ತಾ ಬಂತು. ಚಿತ್ರದುರ್ಗದಲ್ಲಿ ಅವಳು ಬಾಡಿಗೆಗಿರುವ ಮಹಡಿ ಮನೆಯ ಒಡತಿ ಓಬವ್ವ ಈಗಲೂ ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಮೊಳ ಹೂವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಾಳೆ. ಸಂಜೆಯ ಹೊತ್ತಿಗೆ ಆ ಹೂವು ದೇವರ ಪಟದ ಮೇಲಿರುತ್ತದೆ.

“ಏನವ್ವ, ನಿಮ್ ಇಮಾನದ್ ಕಂಪ್ನೀಲಿ ಹೂ ಮುಡ್ಕಂಡ್ರೆ ದಂಡ ಹಾಕ್ತಾರೇನು?”

“ಹಂಗೇನಿಲ್ಲ ಓಬವ್ವಾರೆ. ತಲೆನೋವು ಬರುತ್ತೆ.”

“ಸೇವಂತಿಗೆಗೆ ತಲೆನೋವು ಬಂದಿದ್ದು ನಾ ಕಾಣೆ,” ಎಂದು ಓಬವ್ವ ಮೆಟ್ಟಿಲಿಳಿಯುತ್ತಾಳೆ. ವಿಮಾನದ ಕಂಪನಿ ಎಂದರೆ ಆಕೆಯ ಕಲ್ಪನೆಯಲ್ಲಿ ಸೀರೆಯುಟ್ಟು ನೀರು ಕೊಡುವ ಹುಡುಗಿಯರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಎರಡೇ ಸಲ ವಿಮಾನ ಹತ್ತಿದ, ವಾರಕ್ಕೊಮ್ಮೆ ಬಸ್ಸಿನಲ್ಲಿ ಬೆಂಗಳೂರಿನ ಕಚೇರಿಗೆ ಹೋಗಿಬಂದು ಉಳಿದ ದಿನಗಳಲ್ಲಿ ಮಹಡಿಯ ಕಿಟಕಿಯ ಬಳಿ ಕಂಪ್ಯೂಟರಿನೆದುರು ಕೂರುವ ಈ ಹೆಂಗಸಿನ ಕೆಲಸ ಏನೆಂದು ಆಕೆಗೆ ತಿಳಿಯದು. ಯಶೋದಾಳ ಕೆಲಸ ಪಟ್ಟಿ ಮಾಡುವುದು. ಕಂಪನಿ ಹೊಸ ವಿಮಾನ ಕೊಳ್ಳಬೇಕಾದಾಗ ಇಬ್ಬರು ತಯಾರಕರನ್ನು ಎದುರುಬದುರು ನಿಲ್ಲಿಸಿ, ಯಾರ ವಿಮಾನ ಎಷ್ಟು ಇಂಧನ ಕುಡಿಯುತ್ತದೆ, ಎಷ್ಟು ಉದ್ದದ ಓಡುದಾರಿ ಕೇಳುತ್ತದೆ, ಎಷ್ಟು ದಿನಕ್ಕೊಮ್ಮೆ ಶೆಡ್ಡಿಗೆ ಹೋಗಬೇಕಾಗುತ್ತದೆ ಎಂಬುದನ್ನೆಲ್ಲ ಎರಡು ಅಂಕಣಗಳಲ್ಲಿ ತುಂಬುವುದು.

ಈ ಕೆಲಸವನ್ನು ಅವಳು ಕಲಿತದ್ದು ಕಾಲೇಜಿನಲ್ಲಲ್ಲ. ಬಾಗೂರಿನ ಅವಳ ಅಪ್ಪ ಅಜ್ಜಪ್ಪ ಹೊಸದುರ್ಗದ ಖಾಸಗಿ ಬಸ್ ಕಂಪನಿಯೊಂದರ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ ಆಗಿದ್ದ. ಯಶೋದಾ ಎಂಟನೆಯ ತರಗತಿಯಲ್ಲಿದ್ದಾಗ ಮಾಲೀಕ ಮರುಳಸಿದ್ದಪ್ಪನವರು ಎರಡು ಹೊಸ ಬಸ್ಸು ಕೊಳ್ಳಲು ಹೊರಟರು. ಎರಡು ಕಂಪನಿಯ ಏಜೆಂಟರು ಬಂದರು. ಒಬ್ಬ ಪೇಡೆಯ ಡಬ್ಬಿ ತಂದ, ಇನ್ನೊಬ್ಬ ಗೋಡೆ ಗಡಿಯಾರ ತಂದ.

“ಏನ್ ಅಜ್ಜಪ್ಪ, ಯಾವುದು ತಗಳಾಣ? ಇವ್ರದು ಮೈಲೇಜು ಜಾಸ್ತಿ ಅಂತಾರೆ.”

“ಮೈಲೇಜು ಅವ್ರೇ ಹೇಳ್ತಾರೆ ಬಿಡ್ರಿ ಸಾವ್ಕಾರ್ರೆ. ಹೊಳಲ್ಕೆರೆ ದಾಟಿ ಗಾಡಿ ಕೆಟ್ ನಿಂತ್ರೆ ಸಾಮಾನು ಎಲ್ಲಿಂದ ಬರ್ಬೇಕು? ಅದು ಅವ್ರು ಹೇಳಲ್ಲ. ನಾವೇ ಕೇಳ್ಬೇಕು.”

ಅಂದು ಮಧ್ಯಾಹ್ನ ಅಜ್ಜಪ್ಪ ಮಗಳನ್ನು ಟೆಲಿಫೋನ್ ಬೂತಿಗೆ ಕರೆದುಕೊಂಡು ಹೋಗಿ, ಚಿತ್ರದುರ್ಗ, ದಾವಣಗೆರೆ, ಹಿರಿಯೂರಿನ ಬಿಡಿಭಾಗದ ಅಂಗಡಿಗಳಿಗೆಲ್ಲ ಫೋನು ಮಾಡಿ ಕ್ಲಚ್ ಪ್ಲೇಟು ಇದೆಯೇ, ಆಕ್ಸಲ್ ಇದೆಯೇ ಎಂದು ಕೇಳಿದ. ಯಶೋದಾ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆದು ಎರಡೂ ಕಡೆ ಬರೆದುಕೊಂಡಳು. ಅದು ಅವಳ ಮೊದಲ ಪಟ್ಟಿ. ಬಸ್ಸು ಬಂದವು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ವರ್ಷಕ್ಕೊಮ್ಮೆ ಆ ಬಸ್ಸುಗಳು ಓಡಲು ಯೋಗ್ಯವೆಂದು ಪತ್ರವಾಗುತ್ತಿತ್ತು. ಅದಕ್ಕೆ ಸಹಿ ಹಾಕುತ್ತಿದ್ದುದು ಬೇರೆಯವರು. ನಟ್ಟು ಬಿಗಿ ಮಾಡಿದವನ ಹೆಸರು ಆ ಕಾಗದದ ಮೇಲೆ ಎಲ್ಲಿಯೂ ಇರುತ್ತಿರಲಿಲ್ಲ.

ಇದನ್ನು ಮನಸ್ಸಿಗೆ ಹಚ್ಚಿಕೊಂಡದ್ದು ಯಶೋದಾ ಅಲ್ಲ. ಅವಳಿಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಅಂಜನ್. ಅಕ್ಕ ವಿಮಾನದ ಕಂಪನಿಗೆ ಸೇರಿದ ಮೇಲೆ ಅವನು ವಿಮಾನ ದುರಸ್ತಿಯ ಕೋರ್ಸು ಓದಿದ. ಒಂದೊಂದೇ ಪರೀಕ್ಷೆ ಬರೆದು ಲೈಸೆನ್ಸು ಪಡೆದ. ಆದರೆ ಲೈಸೆನ್ಸೊಂದೇ ಸಾಲದು. ಯಾವ ಮಾದರಿಯ ವಿಮಾನವೋ ಆ ಮಾದರಿಯ ಬಗ್ಗೆ ಬೇರೆಯದೇ ತರಬೇತಿಯಾಗಬೇಕು. ಆಗ ಮಾತ್ರ ‘ಈ ವಿಮಾನ ಹಾರಲು ಯೋಗ್ಯ’ ಎಂಬ ಸಾಲಿನ ಕೆಳಗೆ ಸಹಿ ಹಾಕುವ ಹಕ್ಕು ಸಿಗುತ್ತದೆ. ಅಂಜನ್‌ಗೆ ಬೇಕಾಗಿದ್ದುದು ಆ ಸಹಿಯ ಹಕ್ಕು. ಅಕ್ಕನ ಮನೆಯಲ್ಲಿದ್ದುಕೊಂಡು ಎರಡು ವರ್ಷ ಅದಕ್ಕಾಗಿ ಕಾದ. ಅವಳು ಮುದ್ರಿಸಿ ಎಸೆದ ಹಾಳೆಗಳ ಹಿಂಬದಿಯಲ್ಲೆಲ್ಲ ಸಹಿ ಅಭ್ಯಾಸ ಮಾಡಿದ. ದೊಡ್ಡ ‘ಅ’, ಅದರ ಬಾಲ ಇಡೀ ಹೆಸರಿನ ಕೆಳಗೆ ಹರಿದು ಕೊನೆಗೆ ಮೇಲಕ್ಕೆ ಎದ್ದು ನಿಲ್ಲುವುದು.

“ಇದೇನೋ ಇದು, ಬಾಲ ಎತ್ತಿದ ಕರು ಇದ್ದಂಗೈತೆ,” ಎಂದು ಯಶೋದಾ ನಗುತ್ತಿದ್ದಳು.

“ಲೇ ಅಕ್ಕ, ಇದು ಟೇಕಾಫು. ನಿಂಗೆ ಪಟ್ಟಿ ಬಿಟ್ರೆ ಏನ್ ಗೊತ್ತೈತೆ?”

ಕಂಪನಿ ಹನ್ನೆರಡು ಹೊಸ ವಿಮಾನ ಕೊಳ್ಳುವುದಾಗಿ ಪ್ರಕಟಿಸಿದ್ದು ಆ ದಿನಗಳಲ್ಲೇ. ಯಾವ ಮಾದರಿ ಬಂದರೂ ಅದರಲ್ಲಿ ತರಬೇತಿ ಪಡೆದ ಮೂವತ್ತು ತಂತ್ರಜ್ಞರನ್ನು ಸೇರಿಸಿಕೊಳ್ಳುತ್ತೇವೆ ಎಂದೂ ಹೇಳಿತ್ತು. ಸ್ಪರ್ಧೆಯಲ್ಲಿ ಇಬ್ಬರು ತಯಾರಕರು ಉಳಿದಿದ್ದರು. ಒಬ್ಬರದು ರೆಕ್ಕೆಗಳ ಮುಂದೆ ಪಂಖ ತಿರುಗುವ ವಿಮಾನ, ಮತ್ತೊಬ್ಬರದು ಪುಟ್ಟ ಜೆಟ್. ಬಾಗೂರಿನ ಮನೆಯಲ್ಲಿ ಅವಕ್ಕೆ ‘ಫ್ಯಾನಿಂದು’, ‘ಜೆಟ್ಟಿಂದು’ ಎಂದು ಹೆಸರಾಯಿತು.

ಪಂಖದ ವಿಮಾನ ನಿಧಾನ, ಆದರೆ ಕಡಿಮೆ ಇಂಧನ ಸಾಕು, ಗಿಡ್ಡ ಓಡುದಾರಿಯಲ್ಲೂ ಇಳಿಯುತ್ತದೆ. ಜೆಟ್ ದುಬಾರಿ, ಆದರೆ ಪ್ರಯಾಣಿಕರಿಗೆ ಅದರ ಮೇಲೆ ಮೋಹ. ಪಂಖ ಕಂಡರೆ ಹಳೆಯ ವಿಮಾನವೆಂದು ಮುಖ ತಿರುಗಿಸುವವರಿದ್ದಾರೆ. ಎರಡೂ ಕಡೆಯ ಪ್ರತಿನಿಧಿಗಳು ಮಾದರಿ ವಿಮಾನಗಳನ್ನು ತಂದು ಮುಖ್ಯಸ್ಥರ ಮೇಜಿನ ಮೇಲಿಟ್ಟು ಹೋದರು. ಯಶೋದಾಳಿಗೆ ಪೇಡೆಯ ಡಬ್ಬಿಯೂ ಗೋಡೆ ಗಡಿಯಾರವೂ ನೆನಪಾದವು. ಮುದ್ರಿತ ಬೆಲೆಯನ್ನು ಇಲ್ಲಿ ಯಾರೂ ತೆರುವುದಿಲ್ಲ. ನಿಜವಾದ ಚೌಕಾಸಿ ನಡೆಯುವುದು ಪಕ್ಕದ ಮಾತುಗಳಲ್ಲಿ: ಪೈಲಟ್‌ಗಳ ತರಬೇತಿ ಯಾರ ಖರ್ಚು, ಹೇಳಿದ್ದಕ್ಕಿಂತ ಹೆಚ್ಚು ಇಂಧನ ಕುಡಿದರೆ ಯಾರ ಹೊಣೆ, ಹನ್ನೆರಡು ವರ್ಷದ ನಂತರ ಇದನ್ನು ಕೊಳ್ಳುವವರು ಯಾರಾದರೂ ಸಿಗುತ್ತಾರೆಯೇ. ಅವಳ ಪಟ್ಟಿ ಇನ್ನೂರ ಹದಿನಾಲ್ಕು ಸಾಲಿಗೆ ಬೆಳೆಯಿತು. ಇನ್ನೂರ ಹದಿನೈದನೆಯದನ್ನು ಯಾರೂ ಕೇಳಿರಲಿಲ್ಲ, ಅವಳೇ ಸೇರಿಸಿದಳು: ದೂರದ ಸಣ್ಣ ನಿಲ್ದಾಣದಲ್ಲಿ ವಿಮಾನ ಕೆಟ್ಟು ಕೂತರೆ ಬಿಡಿಭಾಗ ಎಷ್ಟು ಗಂಟೆಯೊಳಗೆ ಬರುತ್ತದೆ? ಎಲ್ಲ ಕೂಡಿ ನೋಡಿದಾಗ ಪಂಖದ ವಿಮಾನ ಸ್ವಲ್ಪವೇ ಮುಂದಿತ್ತು.

ಈ ಕೆಲಸಕ್ಕೆ ಕೂರುವ ಮೊದಲು ಅವಳು ಒಂದು ಮುಚ್ಚಳಿಕೆಗೆ ಸಹಿ ಮಾಡಬೇಕಾಯಿತು. ಕಂಪನಿಯ ಷೇರು ಮಾರುಕಟ್ಟೆಯಲ್ಲಿದ್ದುದರಿಂದ ತೀರ್ಮಾನ ಪ್ರಕಟವಾಗುವವರೆಗೆ ಅದು ಗುಟ್ಟು. ಹೊರಗೆ ಬಿಟ್ಟವರು ಕೆಲಸ ಕಳೆದುಕೊಳ್ಳುವುದಷ್ಟೇ ಅಲ್ಲ, ನ್ಯಾಯಾಲಯಕ್ಕೂ ಹೋಗಬೇಕಾಗುತ್ತದೆ. ಹತ್ತಿರದ ಬಂಧುಗಳ ಉದ್ಯೋಗ ಬರೆಯಬೇಕಾದ ಜಾಗದಲ್ಲಿ ಅವಳು ತಮ್ಮನ ಲೈಸೆನ್ಸಿನ ವಿಷಯವನ್ನು ಮುಚ್ಚಿಡದೆ ಬರೆದಳು. ಕಾನೂನು ವಿಭಾಗದ ಅಧಿಕಾರಿ ಅದನ್ನು ಓದಿ ಕನ್ನಡಕ ತೆಗೆದು ಹೇಳಿದರು: “ಮನೆಯಲ್ಲಿ ಕೇಳ್ತಾರೆ ಯಶೋದಾ. ಹೌದು ಅನ್ನಬಾರದು ಅಂತ ಮಾತ್ರ ಅಲ್ಲ, ಅಲ್ಲ ಅಂತಲೂ ಅನ್ನಬಾರದು. ತಲೆ ಅಲ್ಲಾಡಿಸಿದರೂ ಹೇಳಿದ ಹಾಗೇ.”

ಮನೆಯಲ್ಲಿ ಕೇಳುವ ಪ್ರಸಂಗ ಬೇಗನೇ ಬಂತು. ಅಂಜನ್‌ಗೆ ಎರಡು ತರಬೇತಿಗಳಲ್ಲೂ ಸೀಟು ಸಿಕ್ಕಿತು: ಪಂಖದ ವಿಮಾನದ್ದು ಹೈದರಾಬಾದಿನಲ್ಲಿ, ಜೆಟ್‌ನದು ದೆಹಲಿಯಲ್ಲಿ. ಎರಡೂ ಒಂದೇ ತಿಂಗಳು ಶುರು. ಶುಕ್ರವಾರ ಸಂಜೆ ಐದರೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ಕಟ್ಟಿದ ಶುಲ್ಕ ಹಿಂದಿರುಗಿ ಬಾರದು. ಅದಕ್ಕೆಂದು ತಾಯಿ ಕಮಲಮ್ಮನ ಬಳೆಗಳು ಆಗಲೇ ಹೋಗಿದ್ದವು. ಇನ್ನೊಂದು ಸಲ ಕಳಿಸುವ ಶಕ್ತಿ ಆ ಮನೆಗಿರಲಿಲ್ಲ. ತೀರ್ಮಾನ ಇನ್ನೂ ಆಗಿರದಿದ್ದ ಹಿಂದಿನ ವಾರ ಯಶೋದಾ ಒಮ್ಮೆ ಅಂದಿದ್ದಳು: “ಎರಡೂ ಬಿಟ್ಟು ಆರು ತಿಂಗ್ಳು ಕಾಯ್ಬಾರ್ದೇನೋ?”

“ಕಾದೂ ಕಾದೂ ಸ್ಪ್ಯಾನರ್ ಹಿಡಿಯೋದೇ ಮರ್ತೋಗೈತೆ. ಈ ಸೀಟ್ ಬಿಟ್ರೆ ಮತ್ತೆ ಎರಡು ವರ್ಷ.” ಆಮೇಲೆ ಅವನೇ ದನಿ ತಗ್ಗಿಸಿದ. “ನಿನ್ನ ಕೇಳಲ್ಲ ಬಿಡಕ್ಕ. ನಿಂಗ್ ಕಷ್ಟ ಆಗ್ಬಾರ್ದು.”

ಆ ಬುಧವಾರ ಬೆಂಗಳೂರಿನ ಕಚೇರಿಯಲ್ಲಿ ಸಭೆ ನಲವತ್ತು ನಿಮಿಷದಲ್ಲಿ ಮುಗಿಯಿತು. ಹೊರದೇಶದ ಯಾವುದೋ ಕಂಪನಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದಿದ್ದರಿಂದ ಹನ್ನೆರಡು ಜೆಟ್‌ಗಳು ಹೆಚ್ಚುಕಡಿಮೆ ಸಿದ್ಧವಾಗಿ ನಿಂತಿದ್ದವು. ಏಳು ತಿಂಗಳಲ್ಲಿ ಕೊಡುವುದಾಗಿಯೂ, ಕಂಪನಿಯ ಹಳೆಯ ವಿಮಾನಗಳನ್ನು ತಾವೇ ಕೊಳ್ಳುವುದಾಗಿಯೂ ಜೆಟ್‌ನವರು ಬರೆದು ಕೊಟ್ಟಿದ್ದರು. ಪಂಖದ ವಿಮಾನಕ್ಕೆ ಮೂರು ವರ್ಷ ಸರದಿ. ಮುಖ್ಯಸ್ಥರು ಹೇಳಿದ್ದು ಒಂದೇ ಮಾತು: “ಮೂರು ವರ್ಷ ಕಾದರೆ ಆ ಊರುಗಳಿಗೆ ಬೇರೆಯವರು ಹಾರುತ್ತಿರುತ್ತಾರೆ.” ಇನ್ನೂರ ಹದಿನೈದು ಸಾಲಿನ ಪಟ್ಟಿಯನ್ನು ಪರದೆಯ ಮೇಲೆ ತೋರಿಸಲು ಯಶೋದಾ ಕಾದು ಕುಳಿತಿದ್ದಳು, ಅದನ್ನು ತೆರೆಯಿರಿ ಎಂದು ಯಾರೂ ಹೇಳಲಿಲ್ಲ. ಆ ತೀರ್ಮಾನ ತಪ್ಪೆಂದು ಅವಳಿಗೂ ಅನ್ನಿಸಲಿಲ್ಲ. ಕಾಯುವುದಕ್ಕೆ ಅವಳ ಪಟ್ಟಿಯಲ್ಲಿ ಒಂದೇ ಸಾಲಿತ್ತು. ಮಿಕ್ಕೆಲ್ಲ ಸಾಲುಗಳಿಗಿಂತ ಅದೇ ಭಾರವೆಂಬುದನ್ನು ಅವರು ಕಂಡಿದ್ದರು. ಪ್ರಕಟಣೆ ಮೂರು ವಾರದ ನಂತರ ಎಂದು ಗೊತ್ತಾಯಿತು.

ಗುರುವಾರ ಸಂಜೆ ಬಿಸಿಲು ಇಳಿಯುವ ಮುಂಚೆ ಅಕ್ಕ ತಮ್ಮ ಇಬ್ಬರೂ ಚಂದ್ರವಳ್ಳಿಯ ಕೆರೆಗೆ ನಡೆದುಹೋದರು. ಅದು ಅವರ ರೂಢಿ. ಅಂಜನ್ ಕೆರೆಯ ನೀರಿಗೆ ಬೆರಳದ್ದಿ ಬಂಡೆಯ ಮೇಲೆ ಸಹಿ ಹಾಕಿದ. ಬಾಲ ಎದ್ದು ನಿಲ್ಲುವಷ್ಟರಲ್ಲಿ ‘ಅ’ ಒಣಗಿಹೋಗಿತ್ತು. ಮತ್ತೆ ಅದ್ದಿ ಮತ್ತೆ ಬರೆದ.

“ಕಣ್ ಮಿಟುಕ್ಸು ಸಾಕು,” ಎಂದ, ನಗುತ್ತಲೇ. “ಬಲಗಣ್ಣು ಫ್ಯಾನಿಂದು. ಎಡಗಣ್ಣು ಜೆಟ್ಟಿಂದು. ನೀನೇನೂ ಹೇಳ್ದಂಗಾಗಲ್ಲ. ಧೂಳ್ ಬಿತ್ತು ಅಂದ್ರಾತು.”

ಯಶೋದಾ ಎರಡು ಕಣ್ಣನ್ನೂ ಮುಚ್ಚಿಕೊಂಡಳು. ತೆರೆದಾಗ ಅವನು ಬಂಡೆಯನ್ನೇ ನೋಡುತ್ತಿದ್ದ.

“ತಮಾಷೆ ಮಾಡ್ದೆ ಕಣಕ್ಕ. ಅಳ್ತಾಳೆ ನೋಡು ಇವ್ಳು. ಏಳು, ಹೋಗಾಣ.”

ಶುಕ್ರವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊಳಲ್ಕೆರೆಯ ಮೇಲೆ ಹೊಸದುರ್ಗಕ್ಕೆ, ಅಲ್ಲಿಂದ ಬಾಗೂರಿಗೆ ಬಂದರು. ಅಂಗಳದಲ್ಲಿ ಅಜ್ಜಪ್ಪ ಕಾಯುತ್ತಿದ್ದ. ನಿವೃತ್ತನಾಗಿ ಆರು ವರ್ಷವಾದರೂ ಉಗುರಿನಂಚಿನ ಕಪ್ಪು ಹೋಗಿರಲಿಲ್ಲ.

“ನನ್ ಕೇಳಿದ್ರೆ ಫ್ಯಾನಿಂದೇ,” ಎಂದ. “ಸಣ್ ಊರಿಗೆ ಹೋಗೋ ಗಾಡಿ ಕಮ್ಮಿ ಎಣ್ಣೆ ಕುಡೀಬೇಕು. ಅಲ್ವೇನವ್ವ?”

ಅದು ಅವಳ ಪಟ್ಟಿಯ ಮಾತೇ ಆಗಿತ್ತು. ಅವಳು ನೀರಿನ ಲೋಟ ಎತ್ತಿಕೊಂಡು ಕುಡಿದಳು, ಖಾಲಿಯಾದ ಮೇಲೂ ಕೆಳಗಿಡಲಿಲ್ಲ.

“ಅವ್ಳನ್ಯಾಕೆ ಕೇಳ್ತೀರ?” ಎಂದಳು ಕಮಲಮ್ಮ. “ಅವ್ಳು ಬರ್ಕೊಟ್ಟವ್ಳೆ, ಹೇಳ್ಬಾರ್ದು ಅಂತ. ಅಮ್ಮನ್ನ ಕೇಳಾಣ. ಅಮ್ಮ ಯಾರಿಗೂ ಬರ್ಕೊಟ್ಟಿಲ್ಲ.”

ಊರಾಚೆ ಹುಣಸೆ ಮರದ ಕೆಳಗೆ ಅವರ ಮನೆದೇವತೆ ಕರಿಯಮ್ಮನ ಗುಡಿ. ಹೂ ಕೇಳುವುದು ಆ ಮನೆಯ ಹಳೆಯ ಪದ್ಧತಿ. ಪೂಜಾರಿ ದೇವಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಸೇವಂತಿಗೆ ಅಂಟಿಸುತ್ತಾನೆ. ಮನೆಯವರು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಾರೆ. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಬಿದ್ದ ಹೂವನ್ನು ಮನೆಮಗಳ ಕೈಗೆ ಕೊಡುತ್ತಾರೆ. ಅವಳ ಮನಸ್ಸಿಗೆ ಅಳುಕಿದ್ದರೆ ಮುಡಿಯುವ ಮುಂಚೆ “ಇನ್ನೊಂದ್ ಸಲ ಕೇಳ್ರಿ” ಅನ್ನಬಹುದು. ಯಾಕೆಂದು ಅವಳನ್ನು ಯಾರೂ ಕೇಳುವಂತಿಲ್ಲ. ಹೀಗೆ ಮೂರು ಸಲಕ್ಕೆ ಅವಕಾಶ. ಅವಳು ಮುಡಿದಳೆಂದರೆ ಮಾತು ಮುಗಿಯಿತು, ಆಮೇಲೆ ಆ ವಿಷಯವನ್ನು ಆ ಮನೆಯಲ್ಲಿ ಎತ್ತುವುದಿಲ್ಲ.

ಈ ಹಕ್ಕನ್ನು ಯಶೋದಾ ಒಮ್ಮೆ ಬಳಸಿದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ಅವಳಿಗೊಂದು ಸಂಬಂಧ ಬಂದಾಗ ಹೂ ಬಲಕ್ಕೆ ಬಿದ್ದಿತ್ತು. ಅವಳು ಇನ್ನೊಂದು ಸಲ ಕೇಳಿರೆಂದಳು. ಮತ್ತೆ ಬಲಕ್ಕೇ ಬಿತ್ತು. ಮತ್ತೆ ಅದನ್ನೇ ಅಂದಳು. ಮೂರನೆಯ ಸಲ ಎಡಕ್ಕೆ ಬಿತ್ತು. ಅಜ್ಜಪ್ಪ ಯಾಕೆಂದು ಕೇಳದೆ ಗಂಡಿನವರಿಗೆ ಹೇಳಿ ಕಳಿಸಿದ್ದ. ಆ ಹೂವಿನಿಂದಲೇ ಅವಳು ದಾವಣಗೆರೆಗೆ ಓದಲು ಹೋದದ್ದು.

ಪೂಜಾರಿ ಪಾಲಣ್ಣ ಗುಡಿಯ ಕಟ್ಟೆ ಗುಡಿಸುತ್ತಿದ್ದವನು ಪ್ರಶ್ನೆ ಕೇಳಿ ಪೊರಕೆ ಕೆಳಗಿಟ್ಟ.

“ಬೋರ್‌ವೆಲ್ ಕೇಳವ್ರೆ, ಎಮ್ಮೆ ಕೇಳವ್ರೆ, ಸೊಸೆ ಕೇಳವ್ರೆ. ಇಮಾನ ಇದೇ ಮೊದ್ಲು ಕಣಜ್ಜಪ್ಪ. ಅಮ್ಮಂಗೆ ಒಸಿ ಬಿಡ್ಸಿ ಹೇಳ್ರಿ, ಗಾಬ್ರಿ ಆದಾಳು.”

“ಅಮ್ಮಂಗೆ ನಿಂಗಿಂತ ಚೆನ್ನಾಗಿ ಗೊತ್ತೈತೆ, ಹೂ ಇಡು,” ಎಂದ ಅಜ್ಜಪ್ಪ.

ಕಮಲಮ್ಮ ಸೆರಗು ಹೊದ್ದು ಕೈಮುಗಿದು ಗಟ್ಟಿಯಾಗಿ ಕೇಳಿದಳು: “ತಾಯಿ, ನಮ್ ಅಂಜನ್ ಫ್ಯಾನಿನ್ ಇಮಾನದ್ ವಿದ್ಯೆ ಕಲೀಲಿ ಅನ್ನೋದಾದ್ರೆ ಬಲಕ್ಕೆ ಕೊಡು. ಜೆಟ್ಟಿಂದು ಅನ್ನೋದಾದ್ರೆ ಎಡಕ್ಕೆ ಕೊಡು.”

ಎಡಕ್ಕೆ ಬೀಳಲೆಂದು ಯಶೋದಾ ಬೇಡಿಕೊಂಡಳು. ತಾನು ಹೇಳಬಾರದ್ದನ್ನು ದೇವಿ ಹೇಳಿಬಿಡಲಿ ಎಂದು ಹಲ್ಲು ಕಚ್ಚಿ ನಿಂತಳು. ಎಡದ ಹೂ ಒಮ್ಮೆ ಜಾರಿ ತಡೆದು ನಿಂತಿತು. ಬಲದ್ದು ಬಿತ್ತು.

ಪಾಲಣ್ಣ ಹೂವನ್ನು ಬಾಳೆ ಎಲೆಯ ತುಂಡಿನ ಮೇಲಿಟ್ಟು ತಂದು ಅವಳ ಅಂಗೈಗೆ ಹಾಕಿದ. ತಣ್ಣಗಿತ್ತು. ಅಜ್ಜಪ್ಪ, ಕಮಲಮ್ಮ, ಪಾಲಣ್ಣ ಮೂವರೂ ದೇವಿಯ ಕಡೆಗೆ ಕೈಮುಗಿದಿದ್ದರು. ಅಂಜನ್ ಮಾತ್ರ ಅಕ್ಕನನ್ನು ನೋಡುತ್ತಿದ್ದ. ಆ ನೋಟ ಕಂಡೊಡನೆ ಅವಳಿಗೆ ಅರ್ಥವಾಯಿತು. ಅವನು ಹೂ ಕೇಳಲು ಒಪ್ಪಿ ಬಂದದ್ದು ದೇವಿಯ ಮಾತಿಗಾಗಿ ಅಲ್ಲ. ಕಣ್ಣು ಮಿಟುಕಿಸಲಾಗದ ಅಕ್ಕನಿಗೆ ಅವನೊಂದು ದಾರಿ ಬಿಟ್ಟುಕೊಟ್ಟಿದ್ದ. ತಪ್ಪಿದ್ದರೆ ಇನ್ನೊಂದು ಸಲ ಕೇಳಿರಿ ಅನ್ನುತ್ತಾಳೆ, ಸರಿಯಿದ್ದರೆ ಮುಡಿಯುತ್ತಾಳೆ.

ಮೂರು ಪದ. ಅದರಲ್ಲಿ ವಿಮಾನದ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. ಹಿಂದೆ ಎರಡು ಸಲ ಅದೇ ಜಾಗದಲ್ಲಿ ನಿಂತು ಆಡಿದ ಮಾತು. ಆದರೆ ಅವನು ಹಾಗೆ ನೋಡಿದ ಮೇಲೆ ಆ ಮಾತು ಆಡಿದರೆ ಗುಟ್ಟು ಹೇಳಿಬಿಟ್ಟ ಹಾಗೆಯೇ. ತಲೆ ಅಲ್ಲಾಡಿಸಿದರೂ ಹೇಳಿದ ಹಾಗೇ ಎಂದ ಅಧಿಕಾರಿಯ ಕನ್ನಡಕವಿಲ್ಲದ ಮುಖ ಎದುರಿಗೆ ಬಂತು. ಮುಚ್ಚಳಿಕೆಯ ಕೊನೆಯಲ್ಲಿದ್ದ ತನ್ನ ಸಹಿ ಕಂಡಿತು. ಸಹಿ ಎಂದರೆ ಏನೆಂದು ಆ ಮನೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೂವನ್ನು ಕೈಯಲ್ಲೇ ಹಿಡಿದು ನಿಲ್ಲುವುದೂ ಒಂದು ಉತ್ತರವೇ ಆಗುತ್ತಿತ್ತು. ಯಾವ ಉತ್ತರವೂ ಅಲ್ಲದಂಥ ನಿಲುವೊಂದನ್ನು ಅವಳು ಹುಡುಕಿದಳು. ಅಂಥದ್ದು ಇರಲಿಲ್ಲ.

“ಮುಡ್ಕೊಳವ್ವ,” ಎಂದಳು ಕಮಲಮ್ಮ.

ಯಶೋದಾ ಹೂವನ್ನು ಜಡೆಗೆ ಸಿಕ್ಕಿಸಿಕೊಂಡಳು.

ಅಂಜನ್ ಮುಖವರಳಿಸಿದ. ಗುಡಿಯ ಕಟ್ಟೆಯಿಂದ ಹಾರಿ ಕೆಳಗಿಳಿದು ಫೋನು ತೆಗೆದ. ಬಿಸಿಲಿನಲ್ಲಿ ಪರದೆ ಕಾಣದೆ, ಅಪ್ಪನ ನೆರಳಿನಲ್ಲಿ ನಿಂತು ಹೈದರಾಬಾದಿನ ಸೀಟನ್ನು ಒಪ್ಪಿಕೊಂಡ. ದೆಹಲಿಯದನ್ನು ಬಿಟ್ಟುಕೊಟ್ಟ. ವಾಪಸು ಬರುವಾಗ ಅಕ್ಕನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: “ಥ್ಯಾಂಕ್ಸ್ ಕಣೇ.”

ಪ್ರಕಟಣೆ ಬಂದ ದಿನ ಅವನ ತರಬೇತಿಗೆ ಹತ್ತು ದಿನವಾಗಿತ್ತು. ತರಗತಿಯ ಮಧ್ಯೆ ಯಾರದೋ ಫೋನಿನಲ್ಲಿ ಸುದ್ದಿ ಕಂಡು ಎಲ್ಲರೂ ಪುಸ್ತಕ ಮುಚ್ಚಿದರಂತೆ. ಆ ಹೊಸ ಪಂಖದ ಮಾದರಿಯನ್ನು ಹಾರಿಸುವ ಬೇರೆ ಕಂಪನಿ ದೇಶದಲ್ಲಿ ಇರಲಿಲ್ಲ. ಇಲ್ಲದ ವಿಮಾನದ ಮೇಲೆ ಸಹಿ ಹಾಕುವ ವಿದ್ಯೆಯನ್ನು ಅವರು ಕಲಿಯುತ್ತಿದ್ದರು. ಅಂಜನ್ ಕೊನೆಯವರೆಗೂ ಇದ್ದು ಪರೀಕ್ಷೆ ಬರೆದು ತೇರ್ಗಡೆಯಾಗಿ ಚಿತ್ರದುರ್ಗಕ್ಕೆ ಬಂದ. ಪೆಟ್ಟಿಗೆಯನ್ನು ಒಳಗೆ ತರಲಿಲ್ಲ. ಓಬವ್ವನ ಮೆಟ್ಟಿಲ ಮೇಲೆ ಇಟ್ಟು, ಬಾಗಿಲಲ್ಲಿ ನಿಂತೇ ಕೇಳಿದ.

“ಅವತ್ತು ಗುಡೀಲಿ ನಿಂತಾಗ ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳ್ಲಿಲ್ಲ ಅಂತ ನಂಗೆ ಸಿಟ್ಟಿಲ್ಲ. ಹೇಳ್ಬಾರ್ದಿತ್ತು, ಹೇಳ್ಲಿಲ್ಲ.” ಅವನ ದನಿ ಏರಲಿಲ್ಲ. “ಮುಡ್ಕೊಂಡ್ಯಲ್ಲ. ಅದ್ಯಾಕೆ?”

ಅವಳು ಅಧಿಕಾರಿಯ ಮಾತು, ಮುಚ್ಚಳಿಕೆ, ಕೋರ್ಟು ಎಂದೆಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಇಳಿದುಹೋದ.

ಅಜ್ಜಪ್ಪ ಬೈಯಲಿಲ್ಲ. “ಅನ್ನ ಕೊಟ್ಟ ಕಂಪ್ನಿಗೆ ನಿಯತ್ತಾಗಿದ್ದೆ, ಬಿಡವ್ವ,” ಎಂದ. ಆ ಮಾತನ್ನು ಅವಳು ಬೈಗುಳಕ್ಕಿಂತ ಹೆಚ್ಚು ದಿನ ನೆನಪಿಟ್ಟುಕೊಂಡಳು. ಕಮಲಮ್ಮ ಮಾತ್ರ ಬಾಗಿಲ ಹಿಂದೆ ಕೂತು ಅಂದಳು: “ಹೂನ ಕೈಯಾಗೇ ಇಟ್ಕೊಂಡು ಅತ್ಬಿಟ್ಟಿದ್ರೂ ಆಗ್ತಿತ್ತಲ್ಲೇ.”

ಅಂಜನ್ ಹಿರಿಯೂರಿನ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ದುರಸ್ತಿಗೆ ಸೇರಿಕೊಂಡ. ಅಲ್ಲಿಯೇ ಕೋಣೆ ಮಾಡಿದ. ಅಕ್ಕ ಬಾಗೂರಿಗೆ ಬರುವಳೆಂದು ತಿಳಿದರೆ ಅವನು ಬರುವುದಿಲ್ಲ. ಏಳು ತಿಂಗಳಿಗೆ ಸರಿಯಾಗಿ ಜೆಟ್‌ಗಳು ಬರತೊಡಗಿದವು. ಮೊದಲನೆಯದರ ಪೂಜೆಗೆ ಯಶೋದಾಳನ್ನೂ ಕರೆದಿದ್ದರು, ಹೋಗಲಿಲ್ಲ.

ಈಚೆಗೆ, ಕಳೆದ ತಿಂಗಳು, ಅವಳು ಒಂದು ಅರ್ಜಿ ತೆಗೆದುಕೊಂಡು ಹಿರಿಯೂರಿಗೆ ಹೋದಳು. ವಿಮಾನದ ಲೈಸೆನ್ಸು ಇದ್ದವನು ಎರಡು ವರ್ಷದಲ್ಲಿ ಆರು ತಿಂಗಳಾದರೂ ವಿಮಾನ ಮುಟ್ಟಿ ಕೆಲಸ ಮಾಡಿರಬೇಕು. ಇಲ್ಲವಾದರೆ ಆ ಲೈಸೆನ್ಸಿನ ಅಧಿಕಾರ ನಿಂತುಹೋಗುತ್ತದೆ. ಹೈದರಾಬಾದಿನ ತರಬೇತಿಯಿಂದ ಎಣಿಸಿದರೆ ಅಂಜನ್‌ನ ಗಡುವು ಹತ್ತಿರವಾಗಿತ್ತು. ಜೆಟ್ ತರಬೇತಿಗೆ ಕೊನೆಯ ತಂಡ ತೆಗೆದುಕೊಳ್ಳುತ್ತಿದ್ದರು. ಅವಳು ಎಲ್ಲವನ್ನೂ ತುಂಬಿ, ಶುಲ್ಕವನ್ನೂ ಕಟ್ಟಿ, ಸಹಿಯ ಜಾಗವೊಂದನ್ನು ಖಾಲಿ ಬಿಟ್ಟಿದ್ದಳು.

ಧರ್ಮಪುರದ ಬಸ್ಸಿನಲ್ಲಿ ಹೋಗಿ ಗುಡ್ಡದ ಬುಡದ ನಿಲುಗಡೆಯಲ್ಲಿ ಇಳಿದಳು. ಸಂಜೆಯ ಬಿಸಿಲಿನಲ್ಲಿ ಯಂತ್ರಗಳ ಮೂರು ಮೂರು ರೆಕ್ಕೆಗಳು ತಿರುಗುತ್ತಿದ್ದವು. ಒಂದು ಮಾತ್ರ ನಿಂತಿತ್ತು, ಅಂಜನ್ ಅದರೊಳಗಿದ್ದ. ಅರ್ಧ ಗಂಟೆಯ ನಂತರ ಸೊಂಟದ ಪಟ್ಟಿ, ಹೆಲ್ಮೆಟ್ಟಿನೊಂದಿಗೆ ಕೆಳಗಿಳಿದ. ಶೆಡ್ಡಿನ ಮೇಲ್ವಿಚಾರಕ ಇವರು ಯಾರೆಂದು ಕೇಳಿದ.

“ನಮ್ ಅಕ್ಕಾರು. ಚಿತ್ರದುರ್ಗದಾಗವ್ರೆ.” ಅವಳ ಕಡೆ ಪ್ಲಾಸ್ಟಿಕ್ ಕುರ್ಚಿ ತಳ್ಳಿದ. “ಬರ್ರಿ. ಕುಂತ್ಕಳ್ರಿ.”

ಬಾಗೂರಿನ ಅಂಗಳದಲ್ಲಿ ಅವಳ ಜಡೆ ಎಳೆದು ಓಡುತ್ತಿದ್ದವನು ಅವನು. ಯಶೋದಾ ಕುಳಿತಳು. ಅಮ್ಮ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಅರ್ಜಿ ಇಟ್ಟಳು. ಅವನು ಕೈ ಒರೆಸಿಕೊಂಡು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದ, ಸಣ್ಣ ಅಕ್ಷರಗಳನ್ನೂ ಬಿಡದೆ. ಸಹಿಯ ಜಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೇಳಿದ:

“ಇದ್ನ ಕಲ್ತ್ ಮೇಲೆ ಕಂಪ್ನಿ ಮತ್ತೆ ಬೇರೆ ಇಮಾನ ತರಲ್ಲ ಅಂತ ಏನ್ ಗ್ಯಾರಂಟಿ?”

“ತರಲ್ಲ ಅಂಜು. ನಂಗ್ ಗೊತ್ತಿರೋ ಮಟ್ಟಿಗೆ ಅಂಥದ್ದೇನೂ ಇಲ್ಲ.”

“ನಿಮ್ಗ್ ಗೊತ್ತಿರೋದು ನಮ್ಗ್ ಗೊತ್ತಾಗಲ್ವಲ್ಲ.”

ಅವಳು ಹೇಳುತ್ತಿದ್ದುದು ನಿಜ. ಈ ಸಲ ಯಾವ ಮುಚ್ಚಳಿಕೆಯೂ ಇರಲಿಲ್ಲ, ಮುಚ್ಚಿಡುವುದೂ ಇರಲಿಲ್ಲ. “ಅಮ್ಮನಾಣೆಗೂ ಇಲ್ಲ ಕಣೋ,” ಎಂದಳು. “ಕರಿಯಮ್ಮನ ಮೇಲೆ ಬೇಕಾದ್ರೆ...”

“ಆಣೆ ಬ್ಯಾಡ್ರಿ,” ಎಂದ ಅವನು, ಅವಳನ್ನು ನೋಡದೆ. “ಹೂನೇ ಮುಡ್ಕಂಡಿದ್ರಿ.”

ಅರ್ಜಿಯನ್ನು ಬಂದ ಮಡಿಕೆಯಲ್ಲೇ ಮಡಚಿ ಅವಳ ಕೈಗೆ ಕೊಟ್ಟ. ಆಗ ಮೇಲ್ವಿಚಾರಕ ಒಂದು ಸಣ್ಣ ಯಂತ್ರ ತಂದು ಮುಂದೆ ಹಿಡಿದ. ಅಂಜನ್ ಅದರ ಗಾಜಿನ ಮೇಲೆ ಹೆಬ್ಬೆರಳು ಒತ್ತಿದ. ಹಸಿರು ದೀಪ ಹತ್ತಿತು.

“ಸಹಿ ಬೇಡ್ವಾ?” ಎಂದು ಕೇಳಿಬಿಟ್ಟಳು ಯಶೋದಾ.

“ಏನಕ್ಕೆ? ಬೆರಳ್ ಒತ್ತಿದ್ರೆ ಸಾಕು. ಕೆಲ್ಸ ಆಯ್ತು ಅಂತ ಅದೇ ಬರ್ಕಂತೈತೆ.” ಹೆಲ್ಮೆಟ್ಟು ಎತ್ತಿಕೊಂಡ. “ಐದೂ ಮುಕ್ಕಾಲಿಗೆ ಬಸ್ಸೈತೆ. ಹುಷಾರಾಗಿ ಹೋಗ್ರಿ.”

ಅರ್ಜಿ ಕೊಡಲು ಮುಂದಿನ ಶುಕ್ರವಾರದವರೆಗೆ ಸಮಯವಿತ್ತು. ಆ ದಿನ ಸಂಜೆ ಐದರವರೆಗೆ ಯಶೋದಾ ಕಿಟಕಿಯ ಬಳಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಐದಾಯಿತು, ಸಹಿಯ ಜಾಗ ಖಾಲಿಯೇ ಇತ್ತು. ಬೆಳಿಗ್ಗೆ ಓಬವ್ವ ಸಿಕ್ಕಿಸಿ ಹೋಗಿದ್ದ ಹೂ ಇನ್ನೂ ಚಿಲಕದಲ್ಲೇ ಇತ್ತು. ಅದನ್ನು ತೆಗೆಯಲು ಅವಳು ಏಳಲಿಲ್ಲ.